ಹರಾಜಿನ ಹೊತ್ತಿಗೇ ಸಾಫ್ಟ್‌ವೇರ್ ನಿಲ್ಲುತ್ತದೆ, ಡೆಡ್‌ಲಾಕ್ ಇರಬಹುದಾ?

ಕೋಲಾರದಿಂದ ಪ್ರಶ್ನೆ:
ಇಲ್ಲಿನ ಒಂದು ಟೊಮೆಟೊ ಮಂಡಿಗೆ ಜಾವಾದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಮಂಡಿಯಲ್ಲಿ ಹರಾಜು ಜೋರಾಗಿ, ನಾಲ್ಕು ಕಡೆಯಿಂದ ಎಂಟ್ರಿ ಬೀಳುವಾಗ ಮಾತ್ರ ಹಾಗೇ ನಿಂತುಬಿಡುತ್ತದೆ. ಎರರ್ ಇಲ್ಲ, ಸಿಪಿಯು ಕೂಡ ಖಾಲಿ ಕೂತಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಮುಟ್ಟುವ ಹಾಗೆ ಪ್ರತಿ ಖಾತೆಗೂ ಒಂದೊಂದು ಲಾಕ್ ಇದೆ. ಯಾರಿಗಾದರೂ ಹೀಗಾಗಿದೆಯಾ? ಎಲ್ಲಿಂದ ಹುಡುಕಲಿ?

ತುಮಕೂರಿನಿಂದ:
ಹೆಚ್ಚುಕಡಿಮೆ ಡೆಡ್‌ಲಾಕೇ, ಅಂದರೆ ಒಬ್ಬರು ಹಿಡಿದ ಲಾಕಿಗೆ ಇನ್ನೊಬ್ಬರು ಕಾಯುತ್ತಾ ಯಾರೂ ಮುಂದೆ ಹೋಗದೆ ನಿಲ್ಲುವುದು. ರೀಸ್ಟಾರ್ಟ್ ಮಾಡಿ ನೀವೇ ಸಾಕ್ಷಿ ಅಳಿಸುತ್ತಿದ್ದೀರಿ, ಅಲ್ವಾ? ಮುಂದಿನ ಸಲ ನಿಂತಾಗ ಮೊದಲು ಜಾವಾ ಜೊತೆಗೇ ಬರುವ ಜೆಸ್ಟ್ಯಾಕ್ (jstack) ಓಡಿಸಿ ಫೈಲಿಗೆ ಹಾಕಿಕೊಳ್ಳಿ. ಯಾವ ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸಗಳಲ್ಲಿ ಒಂದು) ಯಾವ ಲಾಕ್ ಹಿಡಿದಿದೆ, ಯಾವುದಕ್ಕೆ ಕಾಯುತ್ತಿದೆ ಅಂತ ಕೊನೆಯಲ್ಲಿ ಅದೇ ಬರೆದಿರುತ್ತದೆ.

ನನ್ನ ಊಹೆ ಹೇಳಲಾ? ಮಾರಾಟದ ಕೋಡ್ ಮೊದಲು ರೈತರ ಖಾತೆ ಹಿಡಿದು ಆಮೇಲೆ ವ್ಯಾಪಾರಿ ಖಾತೆಗೆ ಕೈ ಹಾಕುತ್ತದೆ. ಬಿಲ್ ರದ್ದು ಮಾಡುವ ಕೋಡ್ ಉಲ್ಟಾ ಹಿಡಿಯುತ್ತದೆ. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಾರೆ. ಯಾವಾಗಲೂ ಚಿಕ್ಕ ನಂಬರಿನ ಖಾತೆಯನ್ನೇ ಮೊದಲು ಲಾಕ್ ಮಾಡಿ. ನಾನು ಹಿಂದೆ ಹೀಗೆ ಮಾಡದೆ ನಡುವೆ ಸುಮ್ನೆ ಒಂದು ಸ್ಲೀಪ್ (ಸ್ವಲ್ಪ ಹೊತ್ತು ತಡೆದು ನಿಲ್ಲಿಸುವುದು) ಹಾಕಿದ್ದೆ. ಎರಡು ವಾರ ಓಡಿತು. ಹಬ್ಬದ ಹಿಂದಿನ ದಿನ ಮತ್ತೆ ನಿಂತಿತು, ಬೈಗುಳ ಜಾಸ್ತಿ ಸಿಕ್ಕಿತು.

ಚಿಂತಾಮಣಿಯಿಂದ:
ಕೆಳಗೆ ಡೇಟಾಬೇಸ್ ಆಗಿ ಮೈಎಸ್‌ಕ್ಯುಎಲ್ ಇದ್ದರೆ ಅಲ್ಲೂ ನೋಡಿ. ಅದರೊಳಗೆ ಡೇಟಾ ಇಡುವ ಇನ್ನೋಡಿಬಿ ಡೆಡ್‌ಲಾಕನ್ನು ತಾನೇ ಪತ್ತೆ ಹಚ್ಚಿ, ಒಂದು ಟ್ರಾನ್ಸಾಕ್ಷನ್ನನ್ನು (ಒಟ್ಟಿಗೇ ಆಗಬೇಕಾದ ಕ್ವೆರಿಗಳ ಗುಂಪು) ಪೂರ್ತಿ ರದ್ದು ಮಾಡಿ 1213 ಎರರ್ ಕೊಡುತ್ತದೆ. ನಾನು ಜಾಣನ ಹಾಗೆ, ಎರರ್ ಬಂದ ಕ್ವೆರಿಯನ್ನಷ್ಟೇ ಮತ್ತೆ ಓಡಿಸಿದ್ದೆ. ಅದಕ್ಕಿಂತ ಮೊದಲು ಆಗಿದ್ದ ಜಮೆ ಅಷ್ಟೊತ್ತಿಗೆ ಅಳಿಸಿಹೋಗಿತ್ತು. ವ್ಯಾಪಾರಿ ಖಾತೆಯಲ್ಲಿ ಖರ್ಚು ಬಿತ್ತು, ರೈತರ ಖಾತೆಗೆ ದುಡ್ಡು ಬರಲಿಲ್ಲ. ಮೂರು ದಿನ ಲೆಕ್ಕ ತಾಳೆ ನೋಡುತ್ತಾ ಕೂತಿದ್ದೆ. 1213 ಬಂದರೆ ಟ್ರಾನ್ಸಾಕ್ಷನ್ನನ್ನು ಮೊದಲಿನಿಂದ ಓಡಿಸಬೇಕು. 1205 ಬೇರೆ ಕಥೆ: ಅದು ಲಾಕಿಗೆ ಕಾದು ಸುಸ್ತಾದಾಗ ಬರುವುದು, ನೀವು ಬದಲಿಸದಿದ್ದರೆ 50 ಸೆಕೆಂಡ್.

ಗೌರಿಬಿದನೂರಿನಿಂದ:
ನಾನಿನ್ನೂ ಓದುತ್ತಿದ್ದೇನೆ, ಅನುಭವ ಕಡಿಮೆ. ಡೆಡ್‌ಲಾಕ್ ಪಾಠದಲ್ಲಿ ಐದು ಜನ ತತ್ವಜ್ಞಾನಿಗಳು, ಐದು ಫೋರ್ಕು, ತಿನ್ನೋಕೆ ಎರಡೆರಡು ಬೇಕು, ಎಲ್ಲರೂ ಒಂದೊಂದು ಹಿಡಿದು ಕೂತರೆ ಯಾರೂ ತಿನ್ನೋಕಾಗಲ್ಲ ಅನ್ನುವ ಲೆಕ್ಕ ನಮಗೂ ಇದೆ. ಮುದ್ದೆ ತಿನ್ನುವವರಿಗೆ ಫೋರ್ಕಿನ ಜಗಳ ಯಾಕೆ ಅಂತ ಹಿಂದಿನ ಬೆಂಚಲ್ಲಿ ನಕ್ಕಿದ್ದೆವು. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1965ರಲ್ಲಿ ಪರೀಕ್ಷೆಗೆ ಕೊಟ್ಟಾಗ ಅದು ಟೇಪ್ ಡ್ರೈವ್‌ಗೆ ಕಾಯುವ ಕಂಪ್ಯೂಟರುಗಳ ಲೆಕ್ಕವಾಗಿತ್ತಂತೆ. ಫೋರ್ಕುಗಳಿಗೆ ನಂಬರ್ ಹಾಕಿ ಚಿಕ್ಕದನ್ನು ಮೊದಲು ಎತ್ತಿಕೊಂಡರೆ ಮುಗಿಯಿತು. ತುಮಕೂರಿನ ಅಣ್ಣ ಹೇಳಿದ್ದೂ ಅದನ್ನೇ ಅಲ್ವಾ?

ಕೋಲಾರದಿಂದ, ನಾಲ್ಕು ದಿನದ ನಂತರ:
ಖಾತೆ ನಂಬರ್ ಪ್ರಕಾರ ಲಾಕ್ ಮಾಡಿದೆ. ಆದರೂ ಶನಿವಾರ ನಿಂತಿತು! ಈ ಸಲ ಜೆಸ್ಟ್ಯಾಕ್ ಸಿಕ್ಕಿತು. ಬಿಲ್ ನಂಬರ್ ಕೊಡುವುದಕ್ಕೂ ಒಂದು ಲಾಕ್ ಇದೆ, ನನಗೆ ಮರೆತೇಹೋಗಿತ್ತು. ಮಾರಾಟದಲ್ಲಿ ಅದನ್ನು ಖಾತೆಗಳಾದ ಮೇಲೆ ಹಿಡಿಯುತ್ತಿದ್ದೆ, ಬಿಲ್ ರದ್ದು ಮಾಡುವಾಗ ಎಲ್ಲಕ್ಕಿಂತ ಮೊದಲು. ಈಗ ಎರಡೂ ಕಡೆ ಕೊನೆಗೇ ಹಿಡಿಯುತ್ತದೆ. ನಿನ್ನೆ, ಇವತ್ತು ಹರಾಜು ಮುಗಿಯುವವರೆಗೂ ಓಡಿತು. ಮಂಡಿ ಹುಡುಗ ಮಾತ್ರ ಅಭ್ಯಾಸಬಲದಿಂದ ಏಳು ಗಂಟೆಗೆ ರೀಸ್ಟಾರ್ಟ್ ಮಾಡುತ್ತಲೇ ಇದ್ದಾನೆ.