‘ಸಬ್‌ಸ್ಕ್ರಿಪ್ಷನ್’ಗೆ ‘ಚಂದಾ’ ನಡೀತದೇನು? ನಾಳೆ ಪತ್ರ ಕಳಿಸಬೇಕು

ಹುಬ್ಬಳ್ಳಿಯಿಂದ:

ಎಲ್ಲಾರಿಗೂ ನಮಸ್ಕಾರ. ಒಂದು ಶಬ್ದ ಬೇಕಾಗೈತಿ, ಅದೂ ನಾಳೆ ಮಧ್ಯಾಹ್ನದೊಳಗ. ಗೋಕುಲ ರೋಡಿನಲ್ಲಿ ನಾವು ನಾಲ್ಕು ಜನ ಕೂಡಿ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಪಟ್ಟಿ, ಬಿಲ್ಲು ಪ್ರಿಂಟ್ ಮಾಡೋ ಭಾಗಕ್ಕೆ ಹೊರಗಿನ ಒಂದು ಕಂಪನಿಯ ಟೂಲ್ ಹಾಕಿದ್ದೆವು. ಆರು ವರ್ಷದ ಹಿಂದೆ ಒಮ್ಮೆ ರೊಕ್ಕ ಕೊಟ್ಟು ತಗೊಂಡದ್ದು. ಹೋದ ವಾರ ಒಂದು ಇಮೇಲ್ ಬಂತು: ಇನ್ನು ಮೇಲೆ ವರ್ಷಾ ವರ್ಷಾ ಕಟ್ಟಬೇಕು, ಅದೂ ಅಂಗಡಿಗೆ ಇಷ್ಟು ಅಂತ ಲೆಕ್ಕ. ಕಟ್ಟದಿದ್ದರೆ ಪ್ರಿಂಟ್ ಬಂದ್. ಅದನ್ನು ಕಿತ್ತು ಬೇರೆ ಟೂಲ್ ಕೂಡಿಸಬೇಕಂದ್ರ ಮೂರು ತಿಂಗಳ ಕೆಲಸ. ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಅದನ್ನು ಅಂಗಡಿಯವರ ಮುಂದೆ ತೋರಿಸೋ ಹಾಗಿಲ್ಲ.

ಅವರಿಗೆ ಕನ್ನಡದಲ್ಲಿ ಪತ್ರ ಬರೆಯಬೇಕು. ‘ಚಂದಾ’ ಅಂತ ಬರೆದಿದ್ದೆ. ಅಪ್ಪ ಓದಿ, “ಯಾವ ಜಾತ್ರಿಗೆ ಎತ್ತಾಕತ್ತೀರಿ?” ಅಂದರು. ‘ವಾರ್ಷಿಕ ಶುಲ್ಕ’ ಅಂದರೆ ರಿಪೇರಿಯ ರೊಕ್ಕ ಅಂತ ತಿಳೀತಾರ. ಕಟ್ಟೋದು ನಿಂತರೆ ಬಳಸೋದೂ ನಿಲ್ತೈತಿ ಅನ್ನೋದು ಶಬ್ದದೊಳಗೇ ಬರಬೇಕು. ದಯವಿಟ್ಟು ಹೇಳ್ರಿ.

ಧಾರವಾಡದಿಂದ:

ವಂತಿಗೆ. ಅಚ್ಚ ಕನ್ನಡ. ‘ವಂತು’ ಅಂದರೆ ಪಾಲು. ‘ಚಂದಾ’ ಫಾರಸಿಯ ‘ಚಂದ್’ನಿಂದ ಬಂದದ್ದು. ಆ ಶಬ್ದಕ್ಕೆ ‘ಕೆಲವು, ಎಷ್ಟೋ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ನಮ್ಮದೇ ಇರುವಾಗ ಎರವಲು ಏಕೆ?

ಗದಗಿನಿಂದ:

ಗುರುಗಳೇ, ವಂತಿಗೆ ಇಲ್ಲಿ ಕೂಡೂದಿಲ್ಲ. ವಂತಿಗೆ ಕೊಡಾವ ಮನಸ್ಸಿನಿಂದ ಕೊಡ್ತಾನ. ಇಲ್ಲಿ ಕೊಡದಿದ್ರ ಕೆಲಸಾನ ನಿಲ್ತೈತಿ.

ತಂಗಿ, ಚಂದಾನೂ ಬ್ಯಾಡ, ಕಾರಣ ನಿಮ್ಮ ಅಪ್ಪಾರು ಹೇಳಿದ್ದಲ್ಲ. ಮಾಸಿಕದ ಚಂದಾ ಮುಗೀತು ಅಂತಿಟ್ಟುಕೊಳ್ರಿ. ಹೊಸ ಸಂಚಿಕೆ ಬರೂದಿಲ್ಲ, ಖರೆ. ಹಳೇ ಸಂಚಿಕೆ ಅಟ್ಟದ ಮ್ಯಾಲೆ ಹಂಗ ಇರ್ತಾವಲ್ಲ? ಪೋಸ್ಟಿನವ ಬಂದು ಒಯ್ಯೂದಿಲ್ಲ. ನಾನೂ ಹದಿನೆಂಟು ವರ್ಷದಿಂದ ಕೋಡ್ ಬರೆಯೋ ಕೆಲಸದಾಗ ಇದ್ದೀನಿ, ಜಗಳ ಯಾವಾಗಲೂ ಇದೊಂದ ಮಾತಿಗೆ. 2015ರ ಸೆಪ್ಟೆಂಬರಿನ್ಯಾಗ, ಕೋಡ್ ಬರೆಯಾಕ ಟೂಲ್ ಮಾಡಿಕೊಡೋ ಕಂಪನಿ ಜೆಟ್‌ಬ್ರೈನ್ಸ್ ತನ್ನ ಟೂಲುಗಳನ್ನ ವರ್ಷದ ಲೆಕ್ಕಕ್ಕ ಹಾಕ್ತೀನಿ ಅಂತು. ಡೆವಲಪರ್‌ಗಳು ಸಿಟ್ಟಾಗಿದ್ದು ದರಕ್ಕಷ್ಟ ಅಲ್ಲ, ಕಟ್ಟೋದು ಬಿಟ್ಟ ದಿನ ಕೈಯಾಗ ಏನೂ ಉಳಿಯೂದಿಲ್ಲ ಅಂತ. ಅದ ತಿಂಗಳು ಕಂಪನಿ ಬಗ್ಗಿತು: ಸತತ 12 ತಿಂಗಳು ಕಟ್ಟಿದವರು ಆಮೇಲೆ ಬಿಟ್ಟರೂ ಒಂದು ಆವೃತ್ತಿ ಅವರ ಹತ್ರ ಕಾಯಂ ಉಳೀತೈತಿ. ಅದಕ್ಕ ಬೇಕಾದ್ರ ‘ಚಂದಾ’ ಅನ್ರಿ, ಒಪ್ಪತೈತಿ. ನಿಮ್ಮ ಕಂಪನಿ ಮಾಡಿದ್ದಕ್ಕಲ್ಲ.

ನನ್ನ ಮಾತು ಕೇಳಿದ್ರ ‘ಲಾವಣಿ’ ಅನ್ರಿ. ಹೊಲ ಲಾವಣಿಗೆ ಹಿಡದಾವ ವರ್ಷದ ರೊಕ್ಕ ಕೊಡ್ತಾನ, ಬಿತ್ತತಾನ, ಬೆಳೀತಾನ. ಮುಂದಿನ ವರ್ಷ ಕೊಡಲಿಲ್ಲ, ಹೊಲ ಬಿಡಬೇಕು. ಎಪಿಎಂಸಿಗೆ ಬರೋ ಯಾವ ರೈತಗೂ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಧಾರವಾಡದಿಂದ:

ಲಾವಣಿ ಮರಾಠಿ. ತುಂಗಭದ್ರೆಯಿಂದ ಕೆಳಗೆ ಇಳಿದರೆ ಅದನ್ನು ಹಾಡು ಎಂದೇ ಓದುತ್ತಾರೆ. ಇದೇ ಅರ್ಥಕ್ಕೆ ‘ಗುತ್ತಿಗೆ’ ಇದೆ, ತಮಿಳಿನ ‘ಕುತ್ತಗೈ’ ಅದರ ಒಡಹುಟ್ಟು. ದ್ರಾವಿಡ ಮೂಲದ ಗಟ್ಟಿ ಶಬ್ದ. ಚರ್ಚೆ ಬೇಕಿಲ್ಲ.

ಬ್ಯಾಡಗಿಯಿಂದ:

ಚರ್ಚೆ ಬೇಕು. ಗುತ್ತಿಗೆ ಅಂದ ಕೂಡಲೇ ಜನಕ್ಕೆ ರಸ್ತೆ ಕೆಲಸ ಹಿಡಿದವನ ನೆನಪಾಗ್ತದ, ಗುತ್ತಿಗೆ ನೌಕರಿ ನೆನಪಾಗ್ತದ. ಮೂಲ ಶುದ್ಧ ಇದ್ರ ಅರ್ಥ ತಾನಾಗಿ ಬರೂದಿಲ್ಲ.

ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆದು ಬೆಳೆದ ಮನೆ ನಮ್ಮದು. ಜಮಾ, ಬಾಕಿ, ವಸೂಲಿ ಮೂರೂ ಅರಬಿಯಿಂದ ಬಂದವು. ಖರೀದಿ ಫಾರಸಿ. ಇವನ್ನೆಲ್ಲಾ ಹೊರಗ ಹಾಕಿ ನಮ್ಮ ಅಜ್ಜ ಕಿರ್ದಿ ಹೆಂಗ ಬರೀಬೇಕಿತ್ತು? ಹೊರಗಿನಿಂದ ಬಂದ ಶಬ್ದ ನಮ್ಮ ಜನರ ಬಾಯಾಗ ನಾಲ್ಕು ತಲೆಮಾರು ಆಡಿದ ಮ್ಯಾಲೆ ಅದು ನಮ್ಮದು.

ಇನ್ನೊಂದು. ರೊಕ್ಕ ಕೇಳೋ ರೀತಿ ಹತ್ತು ಅದಾವ, ಎಲ್ಲಕ್ಕೂ ಒಂದೇ ಶಬ್ದ ಹುಡುಕಬ್ಯಾಡ್ರಿ. 2023ರ ಸೆಪ್ಟೆಂಬರಿನಲ್ಲಿ, ಗೇಮ್ ಕಟ್ಟಾಕ ಟೂಲ್ ಕೊಡೋ ಯೂನಿಟಿ ಕಂಪನಿ, ಮಿತಿ ದಾಟಿದ ಗೇಮುಗಳಿಗೆ ಇನ್‌ಸ್ಟಾಲ್ ಆದಂಗ ಆದಂಗ ದುಡ್ಡು ಅಂತು, ಗದ್ದಲ ಆಗಿ ಮರುವರ್ಷ ಪೂರ್ತಿ ಕೈಬಿಟ್ಟಿತು. ಅದು ಚಂದಾನೂ ಅಲ್ಲ, ಲಾವಣಿಯೂ ಅಲ್ಲ. ಚೀಲಕ್ಕಿಷ್ಟು ಅಂತ ಹಮಾಲಿ ಹಿಡಿದಂಗ. ಜಾವಾ ಅನ್ನೋ ಪ್ರೋಗ್ರಾಮಿಂಗ್ ಸಾಫ್ಟ್‌ವೇರಿಗೆ ಒರಾಕಲ್ ಕಂಪನಿ 2023ರ ಜನವರಿಯಿಂದ ಕಂಪನಿಯ ಒಟ್ಟು ನೌಕರರ ತಲೆ ಎಣಿಸಾಕ ಹತ್ತಿತು, ಜಾವಾ ಮುಟ್ಟದವರನ್ನೂ ಸೇರಿಸಿ. ಅದಕ್ಕ ‘ತಲೆಗಂದಾಯ’ ಅನ್ನೋ ಶಬ್ದ ಮೊದಲೇ ಐತಿ.

ಧಾರವಾಡದಿಂದ:

‘ತಲೆಗಂದಾಯ’ ಒಪ್ಪಿದೆ. ಉಳಿದದ್ದು ಸೋತವರ ಮಾತು. ಪ್ರತಿ ತಲೆಮಾರೂ ‘ಇದೊಂದು ಶಬ್ದ ಇರಲಿ’ ಎಂದೇ ಬಿಟ್ಟುಕೊಟ್ಟಿದೆ. ಸಾಫ್ಟ್‌ವೇರ್, ಟೂಲ್, ಪ್ರಿಂಟ್, ಇನ್‌ಸ್ಟಾಲ್: ಈ ಚರ್ಚೆಯಲ್ಲೇ ಎಣಿಸಿ ನೋಡಿ.

ಗದಗಿನಿಂದ:

ಗುರುಗಳೇ, ಆಕೀಗೆ ನಾಳೆ ಮಧ್ಯಾಹ್ನದೊಳಗ ಪತ್ರ ಕಳಿಸಬೇಕಾಗೈತಿ.

ಹುಬ್ಬಳ್ಳಿಯಿಂದ:

ಸರ್, ಅಣ್ಣಾರ, ಎಲ್ಲಾರಿಗೂ ಋಣಿ. ಮುಂಜಾನೆ ಎಪಿಎಂಸಿಗೆ ಹೋಗಿ ಮೂರು ಅಂಗಡಿಯಲ್ಲಿ ಶಬ್ದಗಳನ್ನು ಓದಿ ತೋರಿಸಿದೆ. ‘ಲಾವಣಿ’ ತಕ್ಷಣ ತಿಳೀತು, ಆದರೆ ಒಬ್ಬರು “ಹೊಲದ ಮಾತು ಯಂತ್ರಕ್ಕ ಯಾಕ?” ಅಂದರು. ‘ಗುತ್ತಿಗೆ’ ಅಂದರೆ ಕೆಲಸ ಬೇರೆಯವರಿಗೆ ಕೊಟ್ಟಿರೇನು ಅಂತ ಕೇಳಿದರು. ಕಡೆಗೆ ಒಬ್ಬ ಅಜ್ಜಾರು, ಮಳಿಗೆಯ ಬಾಡಿಗೆ ಪಾವತಿ ಕೈಯಲ್ಲಿ ಹಿಡಿದು ಕೂತಿದ್ದರು, “ಹಂಗಾರ ಇದು ಬಾಡಗಿ ಅಲ್ಲೇನವಾ?” ಅಂದರು. ಪತ್ರದಲ್ಲಿ ಹೀಗೆ ಹಾಕಿದ್ದೇನೆ:

“ಪ್ರಿಂಟ್ ಮಾಡುವ ಭಾಗ ಇಲ್ಲಿಯವರೆಗೆ ನಾವು ಕೊಂಡದ್ದಾಗಿತ್ತು. ಇನ್ನು ಮೇಲೆ ಅದು ವರ್ಷದ ಬಾಡಿಗೆ. ಬಾಡಿಗೆ ಕಟ್ಟಿದಷ್ಟು ದಿನ ಮಾತ್ರ ನಡೆಯುತ್ತದೆ. ಈ ವರ್ಷದ್ದನ್ನು ನಾವೇ ಕಟ್ಟುತ್ತೇವೆ; ಅಷ್ಟರೊಳಗೆ ಬೇರೆ ವ್ಯವಸ್ಥೆ ಮಾಡಿಕೊಡುತ್ತೇವೆ.”

ಹನ್ನೊಂದೂವರೆಗೆ ಕಳಿಸಿದೆ.

ಧಾರವಾಡದಿಂದ:

ಬಾಡಿಗೆ ಸಂಸ್ಕೃತದ ‘ಭಾಟಕ’ದ ತದ್ಭವ. ಪತ್ರದ ಕನ್ನಡ ಚೆನ್ನಾಗಿದೆ, ತಂಗಿ. ಮುಂದಿನ ವರ್ಷದ ಪತ್ರಕ್ಕೆ ಒಂದು ವಾರ ಮೊದಲೇ ಕೇಳಿ.