ಕಾಂಜುಗೇಟ್ ಲಸಿಕೆಗೆ ಸಂಯುಕ್ತ ಅನ್ನೋದಾ, ಒತ್ತುಲಸಿಕೆ ಅಂದ್ರೆ ನಡೆಯುತ್ತಾ?

ಎಲ್ರಿಗೂ ನಮಸ್ಕಾರ. ಅಂಗನವಾಡಿಗೆ ಬರೋ ತಾಯಂದಿರಿಗೆ ಅಂತ ಪಿಸಿವಿ (ನ್ಯುಮೋನಿಯಾ ತರೋ ನ್ಯುಮೋಕಾಕಸ್ ರೋಗಾಣು ತಡೆಯೋಕೆ ಮಕ್ಕಳಿಗೆ ಹಾಕೋ ಕಾಂಜುಗೇಟ್ ಲಸಿಕೆ) ಬಗ್ಗೆ ಒಂದು ಕರಪತ್ರ ಬರೀತಿದೀನಿ, ಎರಡು ಪದದ ಹತ್ರ ಬಂದು ಮೂರು ದಿನದಿಂದ ಗಾಡಿ ನಿಂತುಬಿಟ್ಟಿದೆ.

ಮೊದಲ್ನೇದು ಕಾಂಜುಗೇಟ್. ಸ್ಟ್ರೆಪ್ಟೋಕಾಕಸ್ ಜಾತಿಯ ಈ ನ್ಯುಮೋಕಾಕಸ್‌ಗೆ ಮೈಮೇಲೆ ಒಂದು ಸಕ್ಕರೆ ಕವಚ ಇರುತ್ತೆ, ಬರೀ ಆ ಸಕ್ಕರೆ ಚುಚ್ಚಿದ್ರೆ ಎರಡು ವರ್ಷದೊಳಗಿನ ಮಕ್ಕಳ ಮೈ ಅದನ್ನ ಸರಿಯಾಗಿ ಲೆಕ್ಕಕ್ಕೇ ತಗೊಳಲ್ಲ, ಅದಕ್ಕೆ ಸಕ್ಕರೆನ ಒಂದು ಪ್ರೋಟೀನಿಗೆ ಅಂಟಿಸಿ ಕೊಡ್ತಾರೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನವರ ನ್ಯುಮೋಸಿಲ್ ಅನ್ನೋ ಪಿಸಿವಿಯಲ್ಲಿ ಆ ಪ್ರೋಟೀನು ಗಂಟಲಮಾರಿ ರೋಗಾಣುವಿನ ವಿಷದ್ದೇ ಒಂದು ರೂಪ, ಹಲ್ಲು ಕಿತ್ತ ಹಾವು ಅನ್ನಿ. ಇದಕ್ಕೆ "ಸಂಯುಕ್ತ ಲಸಿಕೆ" ಅಂತ ಬರೆದೆ. ಓದಿದ ಆಶಾ ಕಾರ್ಯಕರ್ತೆ "ಸಾರ್, ಹಂಗಂದ್ರೆ ಪೆಂಟಾ ತರ ನಾಕೈದು ಸೇರಿಸಿರೋದಾ?" ಅಂದ್ರು. ಅವ್ರದೇನೂ ತಪ್ಪಿಲ್ಲ, ಸಂಯುಕ್ತ ಅಂದ್ರೆ ನಮ್ಗೂ ಹಂಗೇ ಕೇಳ್ಸುತ್ತೆ. ಆಗ ಹೊಳೆದಿದ್ದು ಒತ್ತಕ್ಷರ. ಒತ್ತು ಒಂದೇ ನಿಲ್ಲಲ್ಲ, ಇನ್ನೊಂದು ಅಕ್ಷರಕ್ಕೆ ಅಂಟ್ಕೊಂಡೇ ಬರ್ಬೇಕಲ್ವಾ, ಅದಕ್ಕೆ "ಒತ್ತುಲಸಿಕೆ". ಆದ್ರೆ ಒತ್ತಿ ಹಾಕೋ ಲಸಿಕೆ ಅಂತ ತಿಳ್ಕೊಂಡ್ರೆ ಕಷ್ಟ!

ಎರಡ್ನೇದು ಇನ್ನೂ ತಲೆನೋವು, ವೇಲೆಂಟ್. ಪೆಂಟಾವೇಲೆಂಟ್ ಅಂದ್ರೆ ಐದು ಕಾಯಿಲೆಗೆ, ಆದ್ರೆ 10-ವೇಲೆಂಟ್ ನ್ಯುಮೋಸಿಲ್ ಅಂದ್ರೆ ಹತ್ತು ಕಾಯಿಲೆಗಲ್ಲ, ಒಂದೇ ರೋಗಾಣುವಿನ ಹತ್ತು ಬಗೆಗೆ (ಒಟ್ಟು ಬಗೆ ನೂರರ ಮೇಲಿವೆ). ಗಂಟಲು ನೋವು ತಂದು ಆಮೇಲೆ ಕೆಲವು ಮಕ್ಕಳ ಹಾರ್ಟ್ ವಾಲ್ವಿಗೂ ಕೈ ಹಾಕೋ ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಇದೆಯಲ್ಲ, ಅದಕ್ಕೆ ಅಮೆರಿಕದಲ್ಲಿ 30-ವೇಲೆಂಟ್ ಲಸಿಕೆ ಮಾಡಿ ಕೆನಡಾದಲ್ಲಿ ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆ ಮಾಡಿದಾರೆ, ಆ 30 ಅಂದ್ರೆ ರೋಗಾಣುವಿನ ಮೈಮೇಲಿರೋ ಎಂ ಪ್ರೋಟೀನಿನ ಮೂವತ್ತು ಬಗೆ, ಒಟ್ಟು ಬಗೆಗಳು ಇನ್ನೂರು ದಾಟುತ್ತೆ. ಅದನ್ನೂ ಮೂವತ್ತು ಕಾಯಿಲೆ ಅಂದ್ಕೊಂಡ್ರೆ ಗತಿ ಏನು! ಕೆಮಿಸ್ಟ್ರಿ ಪಾಠದಲ್ಲಿ ವೇಲೆನ್ಸಿಗೆ ಸಂಯೋಜಕತೆ ಅಂತ ಇತ್ತು, ಅದನ್ನೇ ಹಿಡಿದ್ರೆ "ದಶಸಂಯೋಜಕ ಸಂಯುಕ್ತ ಲಸಿಕೆ" ಆಗುತ್ತೆ, ಮಗು ಅಳೋಕ್ ಮುಂಚೆ ತಾಯಿ ಅಳ್ತಾಳೆ.

ಸದ್ಯಕ್ಕೆ ಪೆಂಟಾಗೆ "ಐದು ಕಾಯಿಲೆ ಲಸಿಕೆ", ಪಿಸಿವಿಗೆ "ಹತ್ತು ಬಗೆ ನ್ಯುಮೋಕಾಕಸ್ ಲಸಿಕೆ" ಅಂತ ಇಟ್ಟಿದೀನಿ. ನಿಮ್ಮ ಕಡೆ ಬಗೆ ಅಂತಾರಾ, ತಳಿ ಅಂತಾರಾ? ತಳಿ ಅಂದ್ರೆ ನಂಗ್ಯಾಕೋ ಭತ್ತ, ರಾಗಿನೇ ಕಣ್ಮುಂದೆ ಬರುತ್ತೆ. ಒತ್ತುಲಸಿಕೆ ಬಗ್ಗೆನೂ ಹೇಳಿ, ಬೈದ್ರೂ ಪರವಾಗಿಲ್ಲ, ಸೋಮವಾರ ಪ್ರಿಂಟಿಗೆ ಕೊಡ್ಬೇಕು.