ಎರಡು ಗುಡ್ಡ, ನಡುವೆ ಸೂರ್ಯ: ಅಂಗನವಾಡಿ ಮಕ್ಕಳೆಲ್ಲ ಒಂದೇ ಚಿತ್ರ ತೆಗೆಯುವುದೇಕೆ?

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ವಿಜಯಪುರ ಜಿಲ್ಲೆ)

ಚಿತ್ರ ತೆಗೆಯಿರಿ ಎಂದೊಡನೆ ನಮ್ಮ ಕೇಂದ್ರದ ಐದು ವರ್ಷದ ಮಕ್ಕಳೆಲ್ಲ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ ತೆಗೆಯುತ್ತಾರೆ. ನಮ್ಮದು ಎರೆಭೂಮಿಯ ಬಯಲು. ಸುತ್ತ ಎಲ್ಲಿ ನೋಡಿದರೂ ಗುಡ್ಡವಿಲ್ಲ. ಮೂರು ವರ್ಷದವರು ಗೀಚುತ್ತಾರೆ, ಅಷ್ಟೆ. ಇತ್ತ ಪಾಲಕರು, ಖಾಸಗಿ ಶಾಲೆಯ ಎಲ್‌ಕೆಜಿ ಮಕ್ಕಳು ಕಾಪಿ ತುಂಬ ಬರೆಯುತ್ತಾರೆ, ನಿಮ್ಮಲ್ಲಿ ಬರೀ ಆಟವೇ ಎಂದು ಕೇಳುತ್ತಾರೆ. ಹೆಚ್ಚಿನ ಖರ್ಚಿಲ್ಲದೆ ಮಕ್ಕಳ ಸೃಜನಶೀಲತೆಯನ್ನು ಬೆಳೆಸುವುದು ಹೇಗೆ, ಪಾಲಕರಿಗೆ ಏನು ಹೇಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ನಿವೃತ್ತ ತರಬೇತುದಾರರು, ಧಾರವಾಡ)

ಆ ಗುಡ್ಡಗಳು ಮಕ್ಕಳ ತಲೆಯಿಂದ ಬಂದವಲ್ಲ, ದೊಡ್ಡವರು ಹಲಗೆಯ ಮೇಲೆ ತೆಗೆದು ತೋರಿಸಿದ್ದರಿಂದ ಬಂದವು. ಮೂರು ವರ್ಷದ ಮಗುವಿನ ಗೀಚುವಿಕೆಯನ್ನು ‘ಅಷ್ಟೆ’ ಎಂದು ತಳ್ಳಿಹಾಕಬೇಡಿ ಮೇಡಂ. ಸುತ್ತಿ ಸುತ್ತಿ ಗೀಚುವ ಕೈ ಕ್ರಮೇಣ ಗೆರೆಯ ತುದಿಗಳನ್ನು ಕೂಡಿಸಿ ವೃತ್ತ ಮುಚ್ಚುವುದನ್ನು ಕಲಿಯುತ್ತದೆ. ನಾಲ್ಕರ ಆಸುಪಾಸಿನಲ್ಲಿ ಆ ವೃತ್ತಕ್ಕೆ ಎರಡು ಕಣ್ಣು ಮೂಡಿ, ಹೊಟ್ಟೆಯೇ ಇಲ್ಲದೆ ತಲೆಯಿಂದ ನೇರವಾಗಿ ಕಾಲುಗಳು ಇಳಿಯುತ್ತವೆ. ಅದನ್ನು ತಿದ್ದಬಾರದು. ‘ಇದೇನು?’ ಎಂದು ಕೇಳಿದರೆ ಮಗು ನಮಗೆ ಬೇಕಾದ ಉತ್ತರವನ್ನು ಹುಡುಕತೊಡಗುತ್ತದೆ. ‘ಇದರ ಬಗ್ಗೆ ಹೇಳು’ ಎಂದರೆ ಕಥೆ ಹೊರಡುತ್ತದೆ. ಆ ಮಾತನ್ನು ಅದು ಆಡಿದಂತೆಯೇ ಹಾಳೆಯ ಮೂಲೆಯಲ್ಲಿ ಬರೆದಿಡಿ.

ಸಾಮಗ್ರಿಗಾಗಿ ಪೇಟೆಗೆ ಹೋಗಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಎಂದು ನಿಮ್ಮ ಸೀಮೆಯ ಮನೆಮನೆಯಲ್ಲೂ ಮಣ್ಣು ತಟ್ಟುವ ಕೈಗಳಿವೆ. ಒಬ್ಬ ಅಜ್ಜಿಯನ್ನು ಕರೆದು ಮಕ್ಕಳ ನಡುವೆ ಕೂರಿಸಿ, ಅದೇ ಮಣ್ಣನ್ನು ವಾರಗಟ್ಟಲೆ ಕೈಗೆ ಸಿಗುವಂತೆ ಇಡಿ. ದಿನಕ್ಕೊಂದು ಹೊಸ ಚಟುವಟಿಕೆ ಮಾಡಿಸಲೇಬೇಕೆಂಬ ಹಠ ನನಗೆ ಎಂದೂ ಸರಿ ಕಂಡಿಲ್ಲ.

ಉತ್ತರ 2 (ಪೂರ್ವ ಪ್ರಾಥಮಿಕ ಶಿಕ್ಷಕಿ, ಮೈಸೂರು)

ಹಿರಿಯರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಏನನ್ನೂ ತೋರಿಸಿಕೊಡದೆ ಬಿಟ್ಟುಬಿಡುವುದನ್ನು ಸ್ವಾತಂತ್ರ್ಯ ಎನ್ನಲಾಗದು. ಕತ್ತರಿ ಹಿಡಿಯುವುದು, ಮಣ್ಣಿಗೆ ಎಷ್ಟು ನೀರು ಬೇಕೆಂಬುದು, ಅಂಟನ್ನು ತೆಳ್ಳಗೆ ಸವರುವುದು, ಇವನ್ನು ಕಲಿಸಲೇಬೇಕು. ಏನು ಮಾಡಬೇಕೆಂಬುದನ್ನು ಮಾತ್ರ ಮಗುವಿಗೆ ಬಿಡಬೇಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ನೋಡಿದ ಮಕ್ಕಳು, ಸೊಪ್ಪಿನ ರಸಕ್ಕೆ ಹಾಕಿದರೆ ಏನಾಗುತ್ತದೆ, ಬೀಟ್‌ರೂಟ್ ನೀರಿಗೆ ಹಾಕಿದರೆ ಏನಾಗುತ್ತದೆ ಎಂದು ತಾವೇ ಕೇಳತೊಡಗುತ್ತಾರೆ. ಸುಣ್ಣವನ್ನು ಮಾತ್ರ ನೀವೇ ಹಾಕಿ, ಕಣ್ಣಿಗೆ ಅಪಾಯ. ಹುಣಸೆಬೀಜ, ಕಡಲೆಕಾಳುಗಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವ ಚಿಕ್ಕವರಿಗೆ ಕೊಡಬೇಡಿ.

ಉತ್ತರ 3 (ಮೇಲ್ವಿಚಾರಕಿ)

ಪಾಲಕರ ವಿಷಯಕ್ಕೆ ಬರುತ್ತೇನೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಆರಂಭವಾದಾಗಲೇ ಶಾಲಾಪೂರ್ವ ಶಿಕ್ಷಣ ಅದರ ಸೇವೆಗಳಲ್ಲಿ ಒಂದಾಗಿತ್ತು. ಆದರೂ ಜನರ ಕಣ್ಣಿಗೆ ಅಂಗನವಾಡಿ ಎಂದರೆ ಊಟ ಮತ್ತು ತೂಕ ಮಾತ್ರ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರೆಗಿನ ಅವಧಿಯನ್ನು ಒಂದೇ ಹಂತವೆಂದು ಪರಿಗಣಿಸಿ, ಆಟವನ್ನೇ ಕಲಿಕೆಯ ಕೇಂದ್ರಕ್ಕೆ ತಂದಿದೆ. ಆದರೆ ಪಾಲಕರ ಮುಂದೆ ಇದನ್ನು ಓದಬೇಡಿ. ಪ್ರತಿ ಮಗುವಿನ ಜೂನ್ ತಿಂಗಳ ಹಾಳೆಯನ್ನೂ ಈಗಿನ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಮಣ್ಣು ನಾದಿ ಗಟ್ಟಿಯಾದ ಬೆರಳೇ ಮುಂದೆ ಪೆನ್ಸಿಲ್ ಹಿಡಿಯುವುದು ಎಂದು ಹೇಳಿ. ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ತಾಯಂದಿರ ಕೈಗೂ ಒಂದೊಂದು ಮುದ್ದೆ ಮಣ್ಣು ಕೊಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಮಕ್ಕಳು ಅಳುತ್ತಾರೆ. ಇದಕ್ಕೆ ಉಪಾಯವುಂಟೇ?

ಉತ್ತರ 1

ಹತ್ತಿಯ ಎಳೆಗಳನ್ನು ಬಿಡಿಸಿ ಮಣ್ಣಿನಲ್ಲಿ ಚೆನ್ನಾಗಿ ನಾದಿ, ನೆರಳಿನಲ್ಲಿ ಒಣಗಿಸಿ. ಬಿರುಕು ಬಹಳಷ್ಟು ತಗ್ಗುತ್ತದೆ. ಹತ್ತಿ ಬಿಡಿಸುವ ಕೆಲಸವನ್ನೂ ಮಕ್ಕಳಿಗೇ ಕೊಡಿ.